ಬಾತುಕೋಳಿಗೆಂದು ಕೊಂಡ ಕೋಳಿಗೂಡು
ವಿರಾಜಪೇಟೆಯ ನಮ್ಮ ಮನೆಯ ಹಿತ್ತಿಲು 20 ಅಡಿ ಉದ್ದ, 15 ಅಡಿ ಅಗಲವಷ್ಟೇ. ಅಲ್ಲಿ ಸಾಕಲು ತಂದ ಮೂರು ಖಾಕಿ ಕ್ಯಾಂಪ್‌ಬೆಲ್ ಬಾತುಕೋಳಿಗಳಿಗಾಗಿ ಕುಶಾಲನಗರದ ಅಂಗಡಿಯೊಂದರಿಂದ 4 ಅಡಿಗೆ 3 ಅಡಿಯ ಕಬ್ಬಿಣದ ಗೂಡನ್ನು ₹6,500 ಕೊಟ್ಟು ಏಪ್ರಿಲ್‌ನಲ್ಲಿ ತರಿಸಿದೆವು. ಇಡೀ ಮಳೆಗಾಲ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಚೌಕಟ್ಟು ಗಟ್ಟಿಯಾಗಿದೆ, ಕೊಡಗಿನ ಕಕ್ಕಡ ತಿಂಗಳ ಜೋರು ಮಳೆಗೂ ತಗಡು ಒಂದು ಹನಿ ಸೋರಲಿಲ್ಲ. ಹೊಗಳಿಕೆ ಅಲ್ಲಿಗೆ ಮುಗಿಯಿತು. ಕೊಳ್ಳುವಾಗ ‘ಕೋಳಿಗೂ ಬಾತಿಗೂ ಒಂದೇ ಗೂಡು’ ಎಂದು ಅಂಗಡಿಯವರು ಹೇಳಿದ್ದನ್ನು ನಾನು ನಂಬಬಾರದಿತ್ತು. ಒಳಗೆ ಅಡ್ಡಗೋಲು ಕೊಟ್ಟಿದ್ದಾರೆ, ಆದರೆ ಈ ಬಾತುಗಳು ಕೋಲೇರಿ ಮಲಗುವುದಿಲ್ಲ. ಮೊಟ್ಟೆಯ ಪೆಟ್ಟಿಗೆಯನ್ನು ಒಂದೂವರೆ ಅಡಿ ಎತ್ತರದಲ್ಲಿ ಕೂರಿಸಿದ್ದಾರೆ. ನಮ್ಮ ಎರಡು ಹೆಣ್ಣುಗಳು ಅದರತ್ತ ತಲೆಯೆತ್ತಿಯೂ ನೋಡದೆ, ಬೆಳಗಿನ ಜಾವ ಮೂಲೆಯ ಹೊಟ್ಟಿನಲ್ಲಿ ಗುಳಿ ಮಾಡಿ ಮೊಟ್ಟೆಯಿಟ್ಟು, ಕೊಕ್ಕಿನಿಂದ ಹೊಟ್ಟನ್ನೆಳೆದು ಮುಚ್ಚಿಡುತ್ತವೆ.

ದೊಡ್ಡ ದೋಷವಿರುವುದು ನೆಲದಲ್ಲಿ. ತಂತಿಬಲೆಯ ಮೇಲೆ ನಿಂತು ನಿಂತು ಎರಡನೆಯ ವಾರದಲ್ಲೇ ಒಂದು ಹೆಣ್ಣಿನ ಅಂಗಾಲು ಊದಿ ಕುಂಟತೊಡಗಿದಾಗ, ಹಲಗೆ ಹಾಸಿ ಭತ್ತದ ಹೊಟ್ಟು ಹರಡಬೇಕಾಯಿತು. ಜೊತೆಗೆ ಕೊಟ್ಟ ನೀರಿನ ಡಬ್ಬಿಯಲ್ಲಿ ಕೊಕ್ಕಿನ ತುದಿ ಮಾತ್ರ ಅದ್ದುತ್ತದೆ. ಬಾತಿಗೆ ಮೂಗಿನ ಹೊಳ್ಳೆ, ಕಣ್ಣು ಮುಳುಗುವಷ್ಟು ಆಳದ ನೀರು ಬೇಕು. ಬೇಸಿನ್ ಇಟ್ಟರೆ, ಒಂದು ತುತ್ತು ತಿಂದು ಒಮ್ಮೆ ಮುಳುಗಿಸುವ ಅವುಗಳ ಅಭ್ಯಾಸದಿಂದ ಸಂಜೆಗೆ ಹೊಟ್ಟೆಲ್ಲ ಕೆಸರು. ನಮ್ಮ ಹವೆಯಲ್ಲಿ ಒದ್ದೆಯಾದ ಮೇವಿಗೆ ಬೂಷ್ಟು ಹಿಡಿಯಲು ತಡವಾಗುವುದಿಲ್ಲ, ಬೂಷ್ಟಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ವಿಷವನ್ನು ಕೋಳಿಗಿಂತಲೂ ಬಾತು ಕಡಿಮೆ ತಡೆದುಕೊಳ್ಳುತ್ತದೆ. ಹಾಗಾಗಿ ಈಗ ಮೇವು, ನೀರು ಎರಡನ್ನೂ ಹಗಲಿನಲ್ಲಿ ಹೊರಗೇ ಕೊಟ್ಟು, ರಾತ್ರಿ ಗೂಡಿನಲ್ಲಿ ಎರಡನ್ನೂ ಇಡುವುದಿಲ್ಲ.

ಪಕ್ಕದ ಬಲೆಯ ಕಣ್ಣುಗಳು 2 ಇಂಚಿನವು. ಜುಲೈಯ ಒಂದು ರಾತ್ರಿ ಕಾಡುಬೆಕ್ಕು ಅದರೊಳಗೆ ಪಂಜ ತೂರಿಸಿ ಗಂಡಿನ ಕತ್ತಿನ ಪುಕ್ಕ ಕಿತ್ತಿತ್ತು. ಗಂಡು ಬಾತಿನ ದನಿ ಬರೀ ಗೊಗ್ಗರು, ಹೆಣ್ಣುಗಳು ಕಿರುಚಿಕೊಂಡದ್ದರಿಂದಲೇ ನಮಗೆ ಎಚ್ಚರವಾಯಿತು. ಅರ್ಧ ಇಂಚಿನ ಬಲೆ, ಹಲಗೆ, ಭದ್ರವಾದ ಚಿಲಕ ಸೇರಿ ಇನ್ನೂ ₹1,800 ಖರ್ಚಾಯಿತು. ಅಂಗಡಿಯವರು ಬಲೆ ಬದಲಿಸಿಕೊಡಲು ಒಪ್ಪಲಿಲ್ಲ.

ನಾಲ್ಕು ಕೋಳಿ ಸಾಕುವವರಾದರೆ ಬಲೆಯನ್ನಷ್ಟೇ ಬದಲಿಸಿ ಇದನ್ನು ಕೊಳ್ಳಬಹುದು. ನಾವು ಬಿಚ್ಚಿಟ್ಟ ಅಡ್ಡಗೋಲಿನ ಮೇಲೆ ಈಗ ಗೋಣಿಚೀಲ ಒಣಗುತ್ತಿದೆ.