ಬಾದಾಮಿಯ ಗೈಡ್: ಕಥೆಗಿಂತ ಎಚ್ಚರಿಕೆಯೇ ಜಾಸ್ತಿ ಉಪಯೋಗಕ್ಕೆ ಬಂತು

ಡಿಸೆಂಬರ್‌ನಲ್ಲಿ ಅಮ್ಮನ ಜೊತೆ ಬಾದಾಮಿ ಗುಹೆಗಳಿಗೆ ಹೋಗಿದ್ದೆ. ಟಿಕೆಟ್ ಕೌಂಟರ್ ಹತ್ತಿರ ಒಬ್ಬ ಗೈಡ್ ಸಿಕ್ಕರು. ಅವರು ಮೊದಲು ನೋಡಿದ್ದೇ ನನ್ನ ಕೈಯಲ್ಲಿದ್ದ ಬಾಳೆಹಣ್ಣಿನ ಕವರ್. "ಅಕ್ಕಾರ, ಅದನ್ನ ಕಾರಿನಾಗ ಇಟ್ಟು ಬರ್ರಿ, ಮಂಗ್ಯಾ ಬಿಡಂಗಿಲ್ಲ."

ನಾನು ಸುಮ್ನೆ ನಕ್ಕೆ. ಎರಡನೇ ಗುಹೆ ಮುಟ್ಟುವಷ್ಟರಲ್ಲಿ ಮುಂದಿದ್ದವರ ಚಿಪ್ಸ್ ಪ್ಯಾಕೆಟ್ ಮಂಗನ ಪಾಲಾಗಿತ್ತು. ಅವರು ಕಿತ್ತುಕೊಳ್ಳಲು ಹೋದರೆ ನಮ್ಮ ಗೈಡ್ ಕೂಗಿ ತಡೆದರು. ಕಚ್ಚಿಸಿಕೊಂಡರೆ ರೇಬೀಸ್ ಇಂಜೆಕ್ಷನ್‌ಗೆ ಓಡಬೇಕು. ಪ್ಯಾಕೆಟ್ ಹೋದರೆ ಹೋಗಲಿ, ಅಲ್ವಾ?

ಮೆಟ್ಟಿಲುಗಳು ಕಡಿದಾಗಿದ್ದು, ಅಲ್ಲಲ್ಲಿ ಸವೆದು ನುಣುಪಾಗಿವೆ. ಅಮ್ಮನ ಚಪ್ಪಲಿ ನೋಡಿ, ಹಿಂದೆ ಪಟ್ಟಿ ಇರುವುದನ್ನೇ ಹಾಕಿಸಿದರು. ಇಳಿಯುವಾಗ ತಾವು ಒಂದು ಮೆಟ್ಟಿಲು ಕೆಳಗೇ ನಡೆದರು. ಸೆಲ್ಫಿಗೆ ಬಂಡೆಯ ಅಂಚಿಗೆ ಹೋದ ಹುಡುಗರಿಗೆ ಬೈದದ್ದೂ ಬೈದದ್ದೇ. ಅವರು ನಮ್ಮ ಜೊತೆಯವರೂ ಅಲ್ಲ!

ಮೂರನೇ ಗುಹೆಯಲ್ಲಿ ಚಾಲುಕ್ಯ ರಾಜಕುಮಾರ ಮಂಗಳೇಶ ಕೆತ್ತಿಸಿದ, ಕ್ರಿ.ಶ. 578ರ ಶಾಸನ ತೋರಿಸುತ್ತಾ ಮೈಮರೆತರು. ಅದರಿಂದಲೇ ಇರಬೇಕು, ನಾಲ್ಕನೆಯ ಜೈನ ಗುಹೆ ಐದೇ ನಿಮಿಷದಲ್ಲಿ ಮುಗಿಯಿತು. ಅದಕ್ಕೊಂದು ಸ್ಟಾರ್ ಕಡಿಮೆ. ಐದಕ್ಕೆ ನಾಲ್ಕು.