‘ನೀವು ಬನ್ನಿ ಸಾಕು, ಉಳಿದದ್ದು ನಾವು ನೋಡ್ಕೊಳ್ತೀವಿ’ ಅಂದವರನ್ನು ನಂಬಿ ಕೆಟ್ಟೆವು

ಹೊರದೇಶದಲ್ಲಿರುವ ನಿಮ್ಮ ಅಕ್ಕನೋ ಅಣ್ಣನೋ ಕೀಮೋಗೆ ಬೆಂಗಳೂರಿಗೆ ಬರುವ ಲೆಕ್ಕ ಹಾಕುತ್ತಿದ್ದರೆ, ಟಿಕೆಟ್ ಮಾಡಿಸೋ ಮೊದಲು ಇದನ್ನು ಓದಿ. ಬರಬೇಡಿ ಅಂತ ಹೇಳುತ್ತಿಲ್ಲ. ನಾವು ಕರೆಸಿಕೊಂಡ ಹಾಗೆ ಕರೆಸಿಕೊಳ್ಳಬೇಡಿ.

ನಮ್ಮಕ್ಕ ಇರೋದು ನ್ಯೂಜೆರ್ಸಿಯಲ್ಲಿ. ಎದೆಯಲ್ಲಿ ಗಂಟು, ಬಯಾಪ್ಸಿ, ಕ್ಯಾನ್ಸರ್. ಮೊದಲು ಕೀಮೋ, ಆಮೇಲೆ ಆಪರೇಷನ್ ಅಂದರು. ಅದೇ ತಿಂಗಳು ಭಾವನ ಕೆಲಸ ಹೋಯಿತು. ಅಲ್ಲಿ ಇನ್ಶೂರೆನ್ಸ್ ಕೆಲಸದ ಬೆನ್ನಿಗೇ ಅಂಟಿಕೊಂಡಿರುತ್ತೆ, ಕೆಲಸದ ಜೊತೆ ಅದೂ ಹೊರಟಿತು. ಫೋನಿನಲ್ಲಿ ಅಳುತ್ತಿದ್ದವಳಿಗೆ ‘ಇಲ್ಲಿಗೆ ಬಂದುಬಿಡೇ’ ಅಂದವರಲ್ಲಿ ನಾನೇ ಮೊದಲು. ಅದೂ ಬರೆದುಬಿಡ್ತೀನಿ.

ಅವಸರದಲ್ಲಿ ನಾವು ಮಾಡಿದ ಮೊದಲ ತಪ್ಪು ಅಲ್ಲೇ. ಅಮೆರಿಕದಲ್ಲಿ ಕೋಬ್ರಾ ಅಂತ ಒಂದು ಕಾನೂನಿದೆ (ಹೆಸರು ಕೇಳಿ ಅಮ್ಮ ಬೆಚ್ಚಿಬಿದ್ದಿದ್ದಳು). ಕೆಲಸ ಹೋದರೂ ಹಳೇ ಕಂಪನಿಯ ಇನ್ಶೂರೆನ್ಸನ್ನೇ ಸಾಮಾನ್ಯವಾಗಿ 18 ತಿಂಗಳವರೆಗೆ ಮುಂದುವರಿಸಬಹುದು. ಪ್ರೀಮಿಯಂ ಪೂರ್ತಿ ನಾವೇ ಕಟ್ಟಬೇಕು, ಅದಕ್ಕೇ ಬೇಡ ಅಂದುಕೊಂಡರು. ಇನ್ನೊಂದು ದಾರಿ 2010ರ ಕಾನೂನಿನಡಿ ಬಂದ ಸರ್ಕಾರಿ ಮಾರ್ಕೆಟ್‌ಪ್ಲೇಸ್. ಅಲ್ಲಿ ‘ನಿಮಗೆ ಮೊದಲೇ ಕ್ಯಾನ್ಸರ್ ಇದೆ’ ಅಂತ ಪಾಲಿಸಿ ಕೊಡದೇ ಇರೋ ಹಾಗಿಲ್ಲ. ಎರಡಕ್ಕೂ ಇರೋದು ಸುಮಾರು 60 ದಿನದ ಗಡುವು. ನಾವು ಕೂತು ಲೆಕ್ಕ ಹಾಕುವ ಹೊತ್ತಿಗೆ ಅಕ್ಕ ಬೆಂಗಳೂರಲ್ಲಿದ್ದಳು, ಆ ದಿನಗಳೂ ಕಳೆದಿದ್ದವು.

ಏಜೆಂಟ್ ಸಿಕ್ಕಿದ್ದು ಆನ್‌ಲೈನಿನಲ್ಲಿ. ಮೆಡಿಕಲ್ ಟೂರಿಸಂ ಏಜೆನ್ಸಿ. ಮಾತು ಬೆಣ್ಣೆ. ಎಂಟು ಸೈಕಲ್ ಕೀಮೋಗೆ ನಾಲ್ಕೂವರೆ ಲಕ್ಷದ ಪ್ಯಾಕೇಜ್, ಏರ್‌ಪೋರ್ಟಿಗೆ ಕಾರು, ಡಾಕ್ಟರ್ ಅಪಾಯಿಂಟ್‌ಮೆಂಟ್ ಎಲ್ಲ ಅವರದೇ. ಅಮೆರಿಕದ ಬಿಲ್ ಪಕ್ಕ ಇಟ್ಟು ನೋಡಿದರೆ ಇದು ದುಡ್ಡೇ ಅಲ್ಲ ಅನ್ನಿಸಿತು. ಅರ್ಧ ಹಣ ಮೊದಲೇ ಕಳಿಸಿದೆವು. ಪ್ಯಾಕೇಜಿನಲ್ಲಿ ಏನೇನು ಇಲ್ಲ ಅಂತ ಒಂದು ಮಾತು ಕೇಳಲಿಲ್ಲ.

ಮೊದಲ ಕೀಮೋ ಸಲೀಸಾಗಿ ಆಯಿತು. ಕೆಂಪು ಬಣ್ಣದ ಔಷಧಿ, ಡಾಕ್ಸೊರುಬಿಸಿನ್. ಮೂತ್ರ ಕೆಂಪಾಗುತ್ತೆ, ಹೆದರಬೇಡಿ ಅಂತ ನರ್ಸ್ ಹೇಳಿದ್ದರು. ಜ್ವರ ಬಂದರೆ ಏನು ಮಾಡಬೇಕು ಅಂತ ಮಾತ್ರ ಯಾರೂ ಕೂರಿಸಿಕೊಂಡು ಹೇಳಲಿಲ್ಲ. ಫೈಲಿನೊಳಗೆ ಒಂದು ಇಂಗ್ಲಿಷ್ ಹಾಳೆ ಇತ್ತಂತೆ.

ಹತ್ತನೇ ದಿನ ಸಂಜೆ ಅಕ್ಕನಿಗೆ ಮೈ ಬೆಚ್ಚಗಾಯಿತು. ಅಮ್ಮ ಎಲ್ಲ ಅಮ್ಮಂದಿರ ಹಾಗೆ ಮೆಣಸಿನ ಕಷಾಯ ಕುಡಿಸಿ ಒಂದು ಡೋಲೋ ಕೊಟ್ಟಳು. ಜ್ವರ ಇಳಿಯಿತು. ನಾವೂ ಸುಮ್ನೆ ಮಲಗಿದೆವು. ರಾತ್ರಿ ಹನ್ನೊಂದೂವರೆಗೆ ಅಕ್ಕ ಗಡಗಡ ನಡುಗುತ್ತಿದ್ದಳು, ಹಲ್ಲು ಕಟಕಟ ಸದ್ದು ಮಾಡೋದು ಪಕ್ಕದ ರೂಮಿಗೆ ಕೇಳಿಸಿತು. ಥರ್ಮಾಮೀಟರ್ 102.4 ತೋರಿಸಿತು.

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಕೀಮೋ ಆದ ಒಂದರಿಂದ ಎರಡು ವಾರದ ನಡುವೆ ಬಿಳಿ ರಕ್ತಕಣಗಳು ತೀರಾ ಕೆಳಗಿಳಿಯುತ್ತವೆ. ಆಗ 100.4 ಡಿಗ್ರಿ ಜ್ವರ ಬಂದರೂ ಅದು ಎಮರ್ಜೆನ್ಸಿ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ರಕ್ತನಾಳಕ್ಕೆ ಹೋಗಬೇಕು. ಡೋಲೋ ಕೊಟ್ಟರೆ ಸೋಂಕು ಹೋಗಲ್ಲ, ಜ್ವರ ಮಾತ್ರ ಮರೆಯಾಗುತ್ತೆ. ನಮಗೆ ಇದೆಲ್ಲ ಗೊತ್ತಾಗಿದ್ದು ಆಮೇಲೆ.

ಏಜೆಂಟಿಗೆ ಮಾಡಿದೆ. ಸ್ವಿಚ್ ಆಫ್. ‘24 ಗಂಟೆ ಸಹಾಯವಾಣಿ’ ಅಂತ ಕೊಟ್ಟಿದ್ದ ನಂಬರ್ ರಿಂಗಾಗಿ ರಿಂಗಾಗಿ ನಿಂತಿತು. ಮನೆ ವಿಜಯನಗರ, ಆಸ್ಪತ್ರೆ ಹೆಬ್ಬಾಳದ ಕಡೆ. ಗೊರಗುಂಟೆಪಾಳ್ಯದಲ್ಲಿ ಲಾರಿಗಳ ಸಾಲಿನ ನಡುವೆ ಸಿಕ್ಕಿಕೊಂಡಾಗ ಅಕ್ಕ ಹಿಂದಿನ ಸೀಟಿನಲ್ಲಿ ‘ಇನ್ನೆಷ್ಟು ದೂರಾನೋ’ ಅಂತ ಒಂದೇ ಸಮ ಕೇಳುತ್ತಿದ್ದಳು. ಹತ್ತಿರದ ಯಾವುದಾದರೂ ದೊಡ್ಡ ಆಸ್ಪತ್ರೆಗೆ ಹೋಗಬಹುದಿತ್ತು. ‘ಅವರದೇ ಪೇಷೆಂಟ್ ಅಲ್ವಾ’ ಅನ್ನೋ ನಂಬಿಕೆ.

ಅಲ್ಲಿ ಹೋದರೆ ಕೌಂಟರಿನ ಹುಡುಗ ಕಂಪ್ಯೂಟರ್ ನೋಡಿ ಹೇಳಿದ್ದು: ‘ಇವರು ಡೇ ಕೇರ್ ಪ್ಯಾಕೇಜ್ ಸರ್. ಅಡ್ಮಿಷನ್ ಇದರಲ್ಲಿ ಬರಲ್ಲ. ಎರಡು ಲಕ್ಷ ಡೆಪಾಸಿಟ್.’ ಕಾರ್ಡಿನ ಲಿಮಿಟ್ ಸಾಲದೆ ಅದು ಎರಡು ಸಲ ಡಿಕ್ಲೈನ್ ಆಯಿತು. ಕೊನೆಗೆ ಡ್ಯೂಟಿ ಡಾಕ್ಟರ್ ಒಬ್ಬಳು ಚಿಕ್ಕ ಹುಡುಗಿ ಬಂದು ಹಣೆ ಮುಟ್ಟಿ ನೋಡಿ, ಕೌಂಟರಿನವನ ಮೇಲೆ ರೇಗಿ, ತಾನೇ ಸ್ಟ್ರೆಚರ್ ತಳ್ಳಿಕೊಂಡು ಹೋದಳು. ಎಎನ್‌ಸಿ, ಅಂದರೆ ಸೋಂಕಿನ ಜೊತೆ ಹೋರಾಡೋ ಬಿಳಿ ರಕ್ತಕಣಗಳ ಲೆಕ್ಕ, 1500ಕ್ಕಿಂತ ಮೇಲಿರಬೇಕು. ಅಕ್ಕನದು 210 ಇತ್ತು. ಆರು ದಿನ ಆಸ್ಪತ್ರೆ. ಅದೊಂದರ ಬಿಲ್ಲೇ ಪ್ಯಾಕೇಜಿನ ಅರ್ಧಕ್ಕಿಂತ ಜಾಸ್ತಿ.

ಎರಡನೇ ಸೈಕಲ್ ದಿನ ಪಕ್ಕದ ಕುರ್ಚಿಯಲ್ಲಿ ತುಮಕೂರಿನ ಒಬ್ಬರು ಆಂಟಿ ಇದ್ದರು. ಅದೇ ಕೆಂಪು ಔಷಧಿ, ಅದೇ ಡಾಕ್ಟರು. ಹೊತ್ತು ಹೋಗದೆ ಬಿಲ್ ಬಗ್ಗೆ ಮಾತು ಬಂತು. ಅವರದು 31 ಸಾವಿರ. ನಮ್ಮ ಪ್ಯಾಕೇಜಿನ ಲೆಕ್ಕದಲ್ಲಿ ಒಂದು ಸೈಕಲ್‌ಗೆ 56 ಸಾವಿರ. ಇಬ್ಬರ ಬಿಲ್ಲನ್ನೂ ತೊಡೆ ಮೇಲೆ ಹರವಿಕೊಂಡು ಸಾಲು ಸಾಲಾಗಿ ನೋಡಿದೆವು. ಕುರ್ಚಿ ಬಾಡಿಗೆ ಜಾಸ್ತಿ, ಡಾಕ್ಟರ್ ಫೀಸ್ ಜಾಸ್ತಿ, ಔಷಧಿಗೆ ಪೂರ್ತಿ ಎಂಆರ್‌ಪಿ. ಮೇಲ್ಗಡೆ ಸಣ್ಣ ಅಕ್ಷರದಲ್ಲಿ ‘ಇಂಟರ್‌ನ್ಯಾಷನಲ್’, ಅದರ ಕೆಳಗೆ ‘ರೆಫರ್ಡ್ ಬೈ’ ಅಂತ ಏಜೆನ್ಸಿಯ ಹೆಸರು. ಮಲ್ಲೇಶ್ವರದಲ್ಲಿ ಹುಟ್ಟಿ ಬೆಳೆದ ನಮ್ಮಕ್ಕ ನ್ಯೂಜೆರ್ಸಿ ವಿಳಾಸ ಕೊಟ್ಟಿದ್ದಕ್ಕೆ ಇಂಟರ್‌ನ್ಯಾಷನಲ್ ಆಗಿಬಿಟ್ಟಿದ್ದಳು. ರೋಗಿಯನ್ನು ಕಳಿಸಿದ್ದಕ್ಕೆ ಡಾಕ್ಟರು ಕಮಿಷನ್ ಕೊಡೋದು, ತಗೊಳ್ಳೋದು 2002ರ ವೈದ್ಯಕೀಯ ನಡತೆ ನಿಯಮಗಳ ಪ್ರಕಾರ ತಪ್ಪು. ಏಜೆಂಟ್ ಡಾಕ್ಟರ್ ಅಲ್ಲವಲ್ಲ, ಆ ನಿಯಮ ಅವನಿಗೆ ತಾಗಲ್ಲ!

ಎಂಆರ್‌ಪಿ ಅಂದರೆ ಅದಕ್ಕಿಂತ ಜಾಸ್ತಿ ತಗೋಬಾರದು ಅಂತ, ಅಷ್ಟೇ ಕೊಡಬೇಕು ಅಂತ ಅಲ್ಲ. 2019ರಲ್ಲಿ ಕೇಂದ್ರ ಸರ್ಕಾರ 42 ಕ್ಯಾನ್ಸರ್ ಔಷಧಿಗಳ ವ್ಯಾಪಾರದ ಲಾಭಕ್ಕೆ 30 ಪರ್ಸೆಂಟ್ ಮಿತಿ ಹಾಕಿತು. ಅಂದರೆ ಅದಕ್ಕೆ ಮೊದಲು ನಡುವೆ ಎಷ್ಟು ಹೋಗುತ್ತಿತ್ತು ಅಂತ ನೀವೇ ಊಹಿಸಿ. ಔಷಧಿ ಹೊರಗಿಂದ ತರಬಹುದಾ, ಯಾವ ಕಂಪನಿಯದು ಅಂತ ಮೊದಲೇ ಕೇಳಿ. ಮುಜುಗರ ಬೇಡ. ಆ ಆಂಟಿ ಕೇಳಿದ್ದರು.

ದುಡ್ಡಿನ ವಿಷಯ ಹೋಗಲಿ. ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಒಂದು ಪದಕ್ಕೆ. ಅಮೆರಿಕದ ಬಯಾಪ್ಸಿ ರಿಪೋರ್ಟಿನಲ್ಲಿ ಹರ್2 ಅನ್ನೋ ಪರೀಕ್ಷೆಯ (ಗಡ್ಡೆಗೆ ಯಾವ ಔಷಧಿ ಹೊಂದುತ್ತೆ ಅಂತ ತಿಳಿಯೋಕೆ ಮಾಡೋದು) ಮುಂದೆ ‘2+’ ಅಂತ ಇತ್ತು. ಅಂದರೆ ಹೌದೂ ಅಲ್ಲ, ಇಲ್ಲಾನೂ ಅಲ್ಲ, ಫಿಶ್ ಅನ್ನೋ ಇನ್ನೊಂದು ಪರೀಕ್ಷೆ ಆಗಬೇಕು. ಏಜೆನ್ಸಿಯವರು ಡಾಕ್ಟರಿಗೆ ಅಂತ ಒಂದು ಪುಟದ ಸಾರಾಂಶ ಟೈಪ್ ಮಾಡಿದ್ದರು. ಅದರಲ್ಲಿ ‘ಹರ್2: ನೆಗೆಟಿವ್’. ಡಾಕ್ಟರ್ ಓದಿದ್ದು ಆ ಪುಟ. ಮೂಲ ರಿಪೋರ್ಟ್ ಅದೇ ಫೈಲಿನಲ್ಲಿ ನಾಲ್ಕು ಹಾಳೆ ಕೆಳಗಿತ್ತು.

ಎರಡನೇ ಸೈಕಲ್ ಆದ ಮೇಲೆ ಬೇರೆ ಆಸ್ಪತ್ರೆಯ ಹಿರಿಯ ಡಾಕ್ಟರ್ ಹತ್ತಿರ ಹೋದಾಗ ಅವರು ಸಾರಾಂಶವನ್ನು ಪಕ್ಕಕ್ಕೆ ಸರಿಸಿ ‘ಫಿಶ್ ಎಲ್ಲಿ?’ ಅಂದರು. ಅಕ್ಕ ಅಲ್ಲೇ ಕೂತು ನ್ಯೂಜೆರ್ಸಿ ಆಸ್ಪತ್ರೆಯ ಪೋರ್ಟಲ್ ತೆರೆದಳು. ಅವಳು ವಿಮಾನ ಹತ್ತಿದ ನಾಲ್ಕನೇ ದಿನವೇ ರಿಪೋರ್ಟ್ ಬಂದು ಕೂತಿತ್ತು. ಪಾಸಿಟಿವ್. ಅಂದರೆ ಹರ್2 ಪಾಸಿಟಿವ್ ಇದ್ದವರಿಗೆ ಕೊಡೋ ಟ್ರಾಸ್ಟುಜುಮ್ಯಾಬ್ ಅನ್ನೋ ಔಷಧಿ ಬೇಕು, ಮೂರು ವಾರಕ್ಕೊಮ್ಮೆ, ಒಂದು ವರ್ಷ. ತಡ ಆಗಿಲ್ಲ, ಇನ್ನೆರಡು ಸೈಕಲ್ ಆದ ಮೇಲೆ ಸೇರಿಸಬಹುದು ಅಂದರು ಆ ಡಾಕ್ಟರ್. ಪುಣ್ಯ. ಯಾರೂ ನೋಡದೇ ಹೋಗಿದ್ದರೆ ಅಂತ ಯೋಚನೆ ಬಂದಾಗ ಈಗಲೂ ಎದ್ದು ಕೂರುತ್ತೀನಿ. ತಮಾಷೆ ಅಂದರೆ ಆ ಔಷಧಿಯ ಬಯೋಸಿಮಿಲರ್ (ಮೂಲ ಔಷಧಿಯ ಹಾಗೇ ಕೆಲಸ ಮಾಡೋ ಇನ್ನೊಂದು ಕಂಪನಿಯ ಔಷಧಿ) ಮಾಡೋದು ನಮ್ಮ ಬೆಂಗಳೂರಿನ ಬಯೋಕಾನ್, 2014ರಲ್ಲೇ ಮಾರುಕಟ್ಟೆಗೆ ತಂದಿತ್ತು.

ಹಾಗಾಗಿ ಬರುವವರು ಬಯಾಪ್ಸಿಯ ಬ್ಲಾಕ್ ಮತ್ತು ಸ್ಲೈಡ್ ಜೊತೆಗೇ ತನ್ನಿ. ಪಿಡಿಎಫ್ ಸಾಲದು. ಬ್ಲಾಕ್ ಅಂದರೆ ಮೇಣದಲ್ಲಿ ಕೂರಿಸಿದ ಗಡ್ಡೆಯ ಚೂರು, ಬೆರಳ ಗಾತ್ರ ಇರುತ್ತೆ. ಲ್ಯಾಬಿಗೆ ಸಹಿ ಮಾಡಿ ಕೊಟ್ಟರೆ ಕಳಿಸುತ್ತಾರೆ. ಇಲ್ಲಿಂದ ಕೂತು ತರಿಸೋಕೆ ನಮಗೆ ಐದು ವಾರ ಹಿಡಿಯಿತು. ಇಲ್ಲಿನ ಪೆಥಾಲಜಿಸ್ಟ್ ಅದನ್ನು ಮತ್ತೆ ನೋಡುವವರೆಗೆ ಯಾವ ಪ್ಯಾಕೇಜಿಗೂ ದುಡ್ಡು ಕಟ್ಟಬೇಡಿ. ಡಾಕ್ಟರನ್ನು ನೀವೇ ನೇರವಾಗಿ ಮಾತಾಡಿಸಿ. ರಾತ್ರಿ ಎರಡಕ್ಕೆ ಜ್ವರ ಬಂದರೆ ಯಾರು ಫೋನ್ ಎತ್ತುತ್ತಾರೆ ಅಂತ ಕೇಳಿ, ಆ ನಂಬರಿಗೆ ಒಂದು ರಾತ್ರಿ ಸುಮ್ನೆ ಮಾಡಿಯೂ ನೋಡಿ. ಮನೆಗೆ ಹತ್ತಿರದ ಎಮರ್ಜೆನ್ಸಿ ಯಾವುದು ಅಂತ ಮೊದಲ ದಿನವೇ ಹೋಗಿ ನೋಡಿಕೊಂಡು ಬನ್ನಿ.

ಏಜೆನ್ಸಿ ಹಣ ವಾಪಸ್ ಕೊಡಲಿಲ್ಲ. ಆಸ್ಪತ್ರೆ ಮೇಲೆ ಕೆಪಿಎಂಇ ಕಾಯ್ದೆಯಡಿ (ಕರ್ನಾಟಕದ ಖಾಸಗಿ ಆಸ್ಪತ್ರೆಗಳ ಕಾಯ್ದೆ) ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಟ್ಟಿದ್ದೀವಿ, ಇನ್ನೂ ಕರೆ ಬಂದಿಲ್ಲ. ಆಸ್ಪತ್ರೆ ಬದಲಾಯಿಸಿ, ವಿಳಾಸದ ಜಾಗದಲ್ಲಿ ವಿಜಯನಗರದ ಮನೆಯದೇ ಬರೆಸಿದೆವು. ಅಕ್ಕ ಮೊನ್ನೆ ಟ್ರಾಸ್ಟುಜುಮ್ಯಾಬಿನ ಹನ್ನೊಂದನೇ ಡೋಸ್ ಮುಗಿಸಿಕೊಂಡು ಬಂದಳು, ಇನ್ನು ಏಳಿವೆ. ಥರ್ಮಾಮೀಟರ್ ಈಗಲೂ ಫ್ರಿಜ್ ಮೇಲೆ, ಅಮ್ಮನ ಡೋಲೋ ಡಬ್ಬಿ ನನ್ನ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿದೆ.