ಮಲ್ಲೇಶ್ವರಂನ ಜ್ವಾಲಾಮುಖಿ ಪ್ರಿಂಟ್ ಶೋ: ಕ್ರಕಟೋವಾ ಗೋಡೆಗೋಸ್ಕರನಾದ್ರೂ ಹೋಗಿ

ಸಂಪಿಗೆ ರೋಡ್ ಮೆಟ್ರೋ ಇಳಿದು ನಡ್ಕೊಂಡೇ ಹೋಗ್ಬಹುದು, ಹಳೇ ಮನೆಯೊಂದರ ಕೆಳಗಡೆ ಪುಟ್ಟ ಪ್ರಿಂಟ್ ಸ್ಟುಡಿಯೋ, ಮುಂದಿನ ಎರಡು ರೂಮ್ ಗ್ಯಾಲರಿ. ಜ್ವಾಲಾಮುಖಿಗಳ ಹಳೇ ಚಿತ್ರಗಳನ್ನ ಈಗಿನ ಪ್ರಿಂಟ್‌ಮೇಕರ್‌ಗಳು ತಮ್ಮದೇ ರೀತಿಲಿ ಮತ್ತೆ ಮಾಡಿರೋ ಶೋ ನಡೀತಿದೆ. ಎಂಟ್ರಿ ಫ್ರೀ.

ಮೊದಲು ಕ್ರಕಟೋವಾ ಗೋಡೆ, ಅಂದ್ರೆ ಇಂಡೋನೇಷ್ಯಾದ ಜ್ವಾಲಾಮುಖಿ ದ್ವೀಪದ್ದು. 1888ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಹೊರತಂದ ವರದಿಲಿ ಒಂದು ಲಿಥೋಗ್ರಾಫ್ (ಕಲ್ಲಚ್ಚಿನ ಚಿತ್ರ) ಇದೆ, ಕ್ರಕಟೋವಾ ಅಂದ್ರೆ ಎಲ್ಲಾ ಕಡೆ ಹಾಕೋದು ಅದನ್ನೇ. ಆದ್ರೆ ಅದು 1883ರ ಮೇ 27ರ ಫೋಟೋ ನೋಡಿ ಮಾಡಿದ್ದು, ದ್ವೀಪದ ಬಹುಪಾಲು ಸಮುದ್ರದೊಳಗೆ ಕುಸಿದು ಸುನಾಮಿ ಎದ್ದು 36 ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದು ಆಗಸ್ಟ್ 26-27ಕ್ಕೆ, ಅಂದ್ರೆ ಮಹಾಸ್ಫೋಟ ಅಂದ್ಕೊಂಡು ನಾವು ನೋಡ್ತಾ ಬಂದಿರೋದು ಅದಕ್ಕೆ ಮೂರು ತಿಂಗಳ ಹಿಂದಿನ ಹೊಗೆ. ಇಲ್ಲಿನ ಕಲಾವಿದೆ ಆ ಚಿತ್ರವನ್ನ ಒಂದೇ ಜಿಂಕ್ ಪ್ಲೇಟಲ್ಲಿ ಅಕ್ವಾಟಿಂಟ್ ಮಾಡಿದಾರೆ. ರಾಳದ ಪುಡಿ ಧೂಳಿನ ಥರ ಪ್ಲೇಟ್ ಮೇಲೆ ಕೂರಿಸಿ ಬಿಸಿ ಮಾಡಿ ಅಂಟಿಸ್ತಾರೆ, ಕಾಳುಗಳ ನಡುವೆ ಆಸಿಡ್ ತಿನ್ನುತ್ತೆ, ಅಲ್ಲಿ ಇಂಕ್ ನಿಲ್ಲುತ್ತೆ. ಬೂದಿ ಉದುರಿದಂಗಿರೋ ಆ ಕಪ್ಪು ಬ್ರಷ್ಷಲ್ಲಿ ಬರೋದೇ ಇಲ್ಲ. ಒಂದು ಪ್ರಿಂಟ್ ತೆಗೆದು, ಅದೇ ಪ್ಲೇಟನ್ನ ಮತ್ತೆ ಆಸಿಡ್‌ಗೆ ಇಳಿಸಿ, ಮತ್ತೆ ಪ್ರಿಂಟ್ ತೆಗೆದು ಹೀಗೇ ಮುಂದುವರಿಸಿದಾರೆ. ಮೊದಮೊದಲು ಹೊಗೆ ಗಟ್ಟಿ ಕಪ್ಪಾಗ್ತಾ ಹೋಗುತ್ತೆ, ಆಮೇಲೆ ಕಾಳೇ ಕರಗಿಹೋಗಿ ಇಂಕ್ ಹಿಡಿಯೋಕೆ ಏನೂ ಇಲ್ದೆ ಬೋಳು ಬೂದು ಬಣ್ಣ, ಕೊನೇ ಹಾಳೇಲಿ ಪ್ಲೇಟಿನ ಅಂಚೂ ತಿಂದುಹೋಗಿದೆ, ಬೆಟ್ಟ ಇಲ್ಲ. ಫೋಟೋ ತೆಗೆಯೋಕಾಗದೇ ಹೋದ ಆಗಸ್ಟನ್ನ ಆಸಿಡ್ಡಿಂದ ಹಿಡಿದಿದಾರೆ, ನಂಗಂತೂ ಅಲ್ಲಿಂದ ಕದಲೋಕೇ ಮನಸ್ಸಾಗ್ಲಿಲ್ಲ.

ಇಟಲಿಯ ನೇಪಲ್ಸ್ ಪಕ್ಕದ ಜ್ವಾಲಾಮುಖಿ ವೆಸೂವಿಯಸ್‌ನ ರೂಮೂ ಚೆನ್ನಾಗಿದೆ. ನೇಪಲ್ಸ್‌ನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ವಿಲಿಯಂ ಹ್ಯಾಮಿಲ್ಟನ್ 1776ರಲ್ಲಿ ತಂದ ಪುಸ್ತಕಕ್ಕೆ ಪಿಯೆಟ್ರೋ ಫಾಬ್ರಿಸ್ ಬರೆದ ಚಿತ್ರಗಳು, ಎಚಿಂಗ್ ಮಾಡಿ (ಪ್ಲೇಟ್ ಮೇಲೆ ಗೆರೆಗಳನ್ನ ಆಸಿಡ್ಡಿಂದ ಕೊರೆದು) ಒಂದೊಂದಕ್ಕೂ ಕೈಯಲ್ಲೇ ಬಣ್ಣ ಹಾಕಿದ್ದು. ಅದರಲ್ಲಿ 1771ರ ಮೇ ತಿಂಗಳ ಒಂದು ರಾತ್ರಿ ನೇಪಲ್ಸ್‌ನ ರಾಜ ರಾಣಿಗೆ ಹ್ಯಾಮಿಲ್ಟನ್ ಲಾವಾ ತೋರಿಸ್ತಿರೋ ದೃಶ್ಯ ಇದೆಯಲ್ಲ, ಅದನ್ನ ಇಲ್ಲೊಬ್ಬರು ಪೂರಾ ಕಪ್ಪಲ್ಲಿ ಮಾಡಿ ಲಾವಾ ಇರೋ ಕಡೆ ಮಾತ್ರ ಇಂಕೇ ಹಾಕಿಲ್ಲ, ಬರೀ ಕಾಗದದ ಬಿಳಿ. ಕೆಂಪು ಒಂದು ಚೂರೂ ಇಲ್ಲ, ಆದ್ರೂ ಕಣ್ಣು ಕುಕ್ಕುತ್ತೆ.

ಫ್ಯೂಜಿ ಗೋಡೆ ಇಷ್ಟ ಆಗ್ಲಿಲ್ಲ. ಜಪಾನಿನ ಕಲಾವಿದ ಹೊಕುಸಾಯ್ ಮಾಡಿದ ಫ್ಯೂಜಿ ಬೆಟ್ಟದ ಸರಣಿ ಸುಮಾರು 1830ರದ್ದು, ಆಕಾಶದ ನೀಲಿ ಮೇಲಿಂದ ಕೆಳಕ್ಕೆ ತಿಳಿಯಾಗ್ತಾ ಬರೋದಕ್ಕೆ ಪ್ರಿಂಟ್ ಮಾಡೋರು ಪ್ರತಿ ಸಲ ಮರದ ಅಚ್ಚಿನ ಬ್ಲಾಕ್ ಮೇಲೆ ಬಣ್ಣವನ್ನ ಕೈಯಲ್ಲೇ ಹದ ಮಾಡ್ತಿದ್ರು. ಇಲ್ಲಿನ ಲಿನೋಕಟ್‌ಗಳಲ್ಲಿ (ಲಿನೋಲಿಯಂ ಹಾಳೆ ಕೆತ್ತಿ ತೆಗೆದ ಪ್ರಿಂಟ್) ಚಪ್ಪಟೆ ನೀಲಿ ಬಳಿದು ಬೆಟ್ಟದ ಕೆಳಗೆ ಆಟೋ, ತೆಂಗಿನಮರ ಇಟ್ಟಿದಾರೆ ಅಷ್ಟೇ. ಹಳೇ ಚಿತ್ರ ಹೇಗೆ ತಯಾರಾಯ್ತು ಅನ್ನೋದನ್ನೇ ಬಿಟ್ಟು ಬರೀ ಆಕಾರ ತಗೊಂಡ್ರೆ ಹೀಗೇ ಆಗೋದು.

ಇನ್ನೊಂದು ಕೊರತೆ, ಬ್ಯಾರನ್ ದ್ವೀಪ ಇಲ್ಲ. ಅಂಡಮಾನ್ ಸಮುದ್ರದಲ್ಲಿರೋ ಅದು ಭಾರತದ ಒಂದೇ ಜೀವಂತ ಜ್ವಾಲಾಮುಖಿ, ಅದರ ಬಗ್ಗೆ 1790ರ ದಶಕದಲ್ಲೇ ಬರೆದ ಈಸ್ಟ್ ಇಂಡಿಯಾ ಕಂಪನಿಯ ಸರ್ವೇಯರ್ ಕೋಲ್‌ಬ್ರೂಕ್ ಅದೇ ಕಾಲಕ್ಕೆ ಮೈಸೂರು ರಾಜ್ಯದ 12 ದೃಶ್ಯಗಳ ಪ್ರಿಂಟ್‌ಗಳನ್ನೂ ಹೊರತಂದಿದ್ದ. ಬೆಂಗಳೂರಲ್ಲಿ ಮಾಡೋ ಶೋಗೆ ಇದಕ್ಕಿಂತ ಹತ್ತಿರದ ಎಳೆ ಬೇಕಾ? ಅಲ್ಲಿದ್ದ ಹುಡುಗಿಗೆ ಹೇಳಿದೆ, ಬರ್ಕೊಂಡ್ರು.

ಆ ಹುಡುಗಿ ಎಷ್ಟು ಪ್ರಶ್ನೆ ಕೇಳಿದ್ರೂ ಬೇಜಾರಿಲ್ದೆ ಹೇಳ್ತಾರೆ, ಪ್ರೆಸ್ ಹತ್ರ ಕರ್ಕೊಂಡು ಹೋಗಿ ಪ್ಲೇಟ್ ಕೈಗೇ ಕೊಟ್ಟು ತೋರಿಸ್ತಾರೆ. ಆದ್ರೆ ಲೇಬಲ್ ಪೂರ್ತಿ ಇಂಗ್ಲಿಷ್, ಮಲ್ಲೇಶ್ವರಂನಲ್ಲಿ ಇದ್ಕೊಂಡು ಒಂದು ಸಾಲು ಕನ್ನಡ ಇಲ್ಲ ಅಂದ್ರೆ ಹೇಗೆ, ದಯವಿಟ್ಟು ಹಾಕಿ. ಸಂಜೆ ಹೊತ್ತು ಗ್ಲಾಸ್ ಮೇಲೆ ಲೈಟ್ ಬಿದ್ದು ಅಕ್ವಾಟಿಂಟ್ ಕಾಣ್ಸಲ್ಲ, ಬೆಳಗ್ಗೆನೇ ಹೋಗಿ. ತಗೊಳೋದಾದ್ರೆ ಫ್ರೇಮ್ ಇಲ್ದೆ ಕೇಳಿ, ಕಡಿಮೆಗೆ ಸಿಗುತ್ತೆ, ಕೆಳಗಡೆ ಪೆನ್ಸಿಲ್ಲಲ್ಲಿ 3/15 ಅಂತ (15 ಪ್ರತಿಲಿ 3ನೇದು) ಎಡಿಷನ್ ನಂಬರ್, ಸಹಿ ಎರಡೂ ಇದೆಯಾ ನೋಡ್ಕೊಳಿ, ಫ್ರೇಮ್ ಹಾಕಿಸೋವಾಗ ಆಸಿಡ್ ಇಲ್ಲದ ಮೌಂಟ್ ಬೋರ್ಡೇ ಬೇಕು ಅಂತ ಹೇಳಿ, ಇಲ್ಲಾಂದ್ರೆ ಕೆಲವೇ ವರ್ಷದಲ್ಲಿ ಕಾಗದ ಹಳದಿ ತಿರುಗುತ್ತೆ.